ಗುಣಿಸುವುದಕ್ಕೆ ಮೊದಲು

ಸಂಭವನೀಯತೆಯ ಗಣಿತದಲ್ಲಿ ಎಲ್ಲಕ್ಕಿಂತ ಸುಲಭವೆಂದು ವಿದ್ಯಾರ್ಥಿಗಳು ಭಾವಿಸುವ ಸೂತ್ರವೊಂದಿದೆ. ಎರಡು ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದರೆ, ಅವೆರಡೂ ಒಟ್ಟಿಗೆ ಸಂಭವಿಸುವ ಸಂಭವನೀಯತೆಯು ಅವುಗಳ ಬಿಡಿ ಸಂಭವನೀಯತೆಗಳ ಗುಣಲಬ್ಧಕ್ಕೆ ಸಮವಾಗಿರುತ್ತದೆ. ಎರಡು ಭಿನ್ನರಾಶಿಗಳನ್ನು ಗುಣಿಸಲು ಬಂದರಾಯಿತು, ಅಂಕಗಳು ಕೈಸೇರಿದಂತೆಯೇ. ಈ ಸೂತ್ರವು ಸುಲಭವಾದುದೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಗುಣಾಕಾರವು ಸುಲಭವಾದುದು, ನಿಜ. ಆದರೆ "ಸ್ವತಂತ್ರವಾಗಿದ್ದರೆ" ಎಂಬ ಆ ಒಂದು ಪದವು ಬಹು ಕಠಿನವಾದುದು. ಪಠ್ಯಪುಸ್ತಕಗಳು ಸುಲಭವಾದ ಭಾಗಕ್ಕೆ ಪುಟಗಟ್ಟಲೆ ಲೆಕ್ಕಗಳನ್ನು ಕೊಟ್ಟು, ಕಠಿನವಾದ ಭಾಗವನ್ನು ಅರ್ಧ ವಾಕ್ಯದಲ್ಲಿ ದಾಟಿಬಿಡುತ್ತವೆ ಎಂಬುದೇ ನಮ್ಮ ಆಕ್ಷೇಪ.

ಮೊದಲು ಸೂತ್ರಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸೋಣ. ಒಂದು ನಾಣ್ಯವನ್ನೂ ಒಂದು ದಾಳವನ್ನೂ ಒಮ್ಮೆಗೇ ಎಸೆಯುತ್ತೇವೆಂದು ಭಾವಿಸಿರಿ. ನಾಣ್ಯಕ್ಕೆ ಎರಡು ಮುಖ; ಈ ಮುಂಬಯಿಯ ಓಣಿಗಳಲ್ಲಿ ನಮ್ಮ ಮರಾಠಿ ಗೆಳೆಯರು ಛಾಪಾ ಎಂದೂ ಕಾಟಾ ಎಂದೂ ಕೂಗುವ ಮುಖಗಳೇ ಅವು. ದಾಳಕ್ಕೆ ಆರು ಮುಖ. ಛಾಪಾದ ಜೊತೆಗೆ ಒಂದರಿಂದ ಆರರವರೆಗೆ ಯಾವುದಾದರೂ ಬೀಳಬಹುದು. ಕಾಟಾದ ಜೊತೆಗೂ ಹಾಗೆಯೇ. ಒಟ್ಟು 12 ಜೋಡಿಗಳಾದವು. ಅವುಗಳಲ್ಲಿ ಒಂದಕ್ಕಿಂತ ಇನ್ನೊಂದು ಹೆಚ್ಚಿನದಲ್ಲ. ಆದುದರಿಂದ ಛಾಪಾ ಮತ್ತು ಆರು ಕೂಡಿ ಬೀಳುವ ಸಂಭವನೀಯತೆಯು 1/12. ಅರ್ಧವನ್ನು ಆರನೆಯ ಒಂದು ಭಾಗದಿಂದ ಗುಣಿಸಿದರೂ ದೊರೆಯುವುದು ಅಷ್ಟೇ. ಇಲ್ಲಿ ಗುಣಾಕಾರವೆಂಬುದು ಮಂತ್ರವಲ್ಲ. ಎಣಿಕೆಯನ್ನು ಸಂಕ್ಷೇಪಿಸುವ ಉಪಾಯ ಮಾತ್ರ. ಎಸೆತಗಳಲ್ಲಿ ಅರ್ಧದಷ್ಟು ಸಲ ಛಾಪಾ ಬೀಳುತ್ತದೆ. ಆ ಅರ್ಧದೊಳಗೆ ಆರನೆಯ ಒಂದು ಭಾಗದಷ್ಟು ಸಲ ಆರು ಬೀಳುತ್ತದೆ. "ಆ ಅರ್ಧದೊಳಗೆ" ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಕೆಲಸವಿದೆ.

ದಾಳದ ಮಾತು, ಇಸ್ಪೀಟಿನ ಮಾತು ಶಾಲೆಯ ಸಂಚಿಕೆಯಲ್ಲಿ ಬಂದಿತೆಂದು ಹಿರಿಯರು ಮುನಿಯದಿರಲಿ. ಈ ಶಾಸ್ತ್ರವು ಹುಟ್ಟಿದ್ದೇ ಜೂಜಿನ ಕಟ್ಟೆಯ ಮೇಲೆ. ಫ್ರಾನ್ಸ್ ದೇಶದಲ್ಲಿ ಷೆವಾಲಿಯೇ ದ ಮೇರೆ ಎಂಬ ಗೃಹಸ್ಥನು ಎತ್ತಿದ ಜೂಜಿನ ಪ್ರಶ್ನೆಗಳ ಮೇಲೆ 1654ರಲ್ಲಿ ಬ್ಲೇಸ್ ಪಾಸ್ಕಲ್ ಮತ್ತು ಪಿಯೆರ್ ದ ಫೆರ್ಮಾ ಎಂಬ ಇಬ್ಬರು ಮಹಾಗಣಿತಜ್ಞರು ಪತ್ರವ್ಯವಹಾರ ನಡೆಸಿದರು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುವುದೆಂದು ಪಣವೊಡ್ಡುವುದು ಲಾಭದಾಯಕ. ಹಾಗಾದರೆ ಎರಡು ದಾಳಗಳನ್ನು 24 ಸಲ ಎಸೆದರೆ ಒಮ್ಮೆಯಾದರೂ ಜೋಡಿ ಆರು ಬೀಳುವುದೆಂದು ಪಣವೊಡ್ಡಬಹುದೇ? ಆರಕ್ಕೆ ನಾಲ್ಕು ಹೇಗೋ 36ಕ್ಕೆ 24 ಹಾಗೆಯೇ ಎಂದು ತ್ರೈರಾಶಿಯಿಂದ ತೋರುತ್ತದೆ. ಗುಣಾಕಾರವು ಬೇರೆ ಉತ್ತರವನ್ನು ಕೊಡುತ್ತದೆ. ಆರು ಬೀಳದಿರುವ ಸಂಭವನೀಯತೆ 5/6. ನಾಲ್ಕು ಸಲವೂ ಬೀಳದಿರಬೇಕಾದರೆ ಅದನ್ನು ನಾಲ್ಕು ಸಲ ಗುಣಿಸಬೇಕು: 625/1296. ಉಳಿದ 671/1296, ಅಂದರೆ ನೂರಕ್ಕೆ ಸುಮಾರು 52, ಪಣವೊಡ್ಡಿದವನದು. ಜೋಡಿ ಆರು ಬೀಳದಿರುವ ಸಂಭವನೀಯತೆ 35/36; ಅದನ್ನು 24 ಸಲ ಗುಣಿಸಿದರೆ ಅರ್ಧಕ್ಕಿಂತ ಕಿಂಚಿತ್ತು ಹೆಚ್ಚಾಗಿ ಉಳಿಯುತ್ತದೆ. ಪಣವೊಡ್ಡಿದವನಿಗೆ ದಕ್ಕುವುದು ನೂರಕ್ಕೆ 49 ಮಾತ್ರ. ಸಣ್ಣ ಅಂತರವೇ ಸರಿ. ಆದರೆ ದಿನವಿಡೀ ಆಡುವವನ ಹಣದ ಚೀಲವನ್ನು ಬರಿದು ಮಾಡಲು ಅಷ್ಟು ಸಾಕು.

ಎಣಿಕೆಯ ವಿದ್ಯೆಯಲ್ಲಿ ಕನ್ನಡ ನಾಡು ಹಿಂದೆ ಬಿದ್ದಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬಹುದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ವಿಧವಾಗಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟಿದ್ದಾನೆ. ಅದು ಸಂಭವನೀಯತೆಯ ಶಾಸ್ತ್ರವಲ್ಲ. ಆದರೆ ಅದಿಲ್ಲದೆ ಆ ಶಾಸ್ತ್ರವು ಒಂದು ಹೆಜ್ಜೆಯನ್ನೂ ಇಡಲಾರದು.

ಇನ್ನು ಆ ಕಠಿನ ಪದಕ್ಕೆ ಬರೋಣ. "ಸ್ವತಂತ್ರ" ಎಂಬ ಹೆಸರೇ ನಮಗೆ ಅಷ್ಟಾಗಿ ಹಿಡಿಸಿಲ್ಲ. ಅದನ್ನು ಕೇಳಿದೊಡನೆ ಮಕ್ಕಳ ಮನಸ್ಸಿಗೆ ಆಗಸ್ಟ್ 15 ಬರುತ್ತದೆಯೇ ಹೊರತು ನಾಣ್ಯ-ದಾಳಗಳು ಬರುವುದಿಲ್ಲ. "ನಿರಪೇಕ್ಷ" ಎಂದಿದ್ದರೆ ಒಂದು ಇನ್ನೊಂದನ್ನು ಅವಲಂಬಿಸಿಲ್ಲವೆಂಬ ಅರ್ಥವು ನೇರವಾಗಿ ಹೊಳೆಯುತ್ತಿತ್ತು. ಹೆಸರು ಏನೇ ಇರಲಿ, ಅರ್ಥ ಇಷ್ಟು: ಒಂದು ಘಟನೆಯು ನಡೆಯಿತೆಂಬ ಸಮಾಚಾರವು ನಿಮ್ಮ ಕಿವಿಗೆ ಬಿದ್ದ ಮೇಲೂ ಇನ್ನೊಂದರ ಸಂಭವನೀಯತೆಯು ಮೊದಲಿದ್ದಷ್ಟೇ ಇದ್ದರೆ ಅವೆರಡೂ ಸ್ವತಂತ್ರ. ಸಮಾಚಾರದಿಂದ ಅದು ಹೆಚ್ಚಿದರೂ ತಗ್ಗಿದರೂ ಅವು ಸ್ವತಂತ್ರವಲ್ಲ. ಕೆಲವರು ಇದನ್ನು ಪರಸ್ಪರ ವರ್ಜಕ ಘಟನೆಗಳೊಂದಿಗೆ ಬೆರೆಸುತ್ತಾರೆ. ಒಂದೇ ನಾಣ್ಯದಲ್ಲಿ ಛಾಪಾ ಬಿದ್ದರೆ ಕಾಟಾ ಬೀಳಲಾರದು. "ಒಂದಕ್ಕೊಂದು ಸಂಬಂಧವೇ ಇಲ್ಲ, ಆದುದರಿಂದ ಸ್ವತಂತ್ರ" ಎಂದು ಅವರ ವಾದ. ಇದಕ್ಕಿಂತ ಗಾಢವಾದ ಸಂಬಂಧವು ಇನ್ನಾವುದಿದ್ದೀತು? ಒಂದು ಬಿದ್ದಿತೆಂದು ತಿಳಿದ ಕ್ಷಣವೇ ಇನ್ನೊಂದರ ಸಂಭವನೀಯತೆಯು ಅರ್ಧದಿಂದ ಸೊನ್ನೆಗೆ ಇಳಿಯುತ್ತದೆ.

ಸಂಬಂಧವಿಲ್ಲದ ಕಡೆ ಸಂಬಂಧವನ್ನು ಕಾಣುವ ಚಪಲವು ಜನರಲ್ಲಿ ಬಹಳ. 2023ರ ನವೆಂಬರಿನಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯದಿಂದ ಆರಂಭಿಸಿ ಭಾರತದ ಪುರುಷರ ಕ್ರಿಕೆಟ್ ತಂಡವು ಏಕದಿನ ಪಂದ್ಯಗಳಲ್ಲಿ ಸತತವಾಗಿ 20 ಸಲ ಟಾಸ್ ಸೋತಿತು. ಅರ್ಧವನ್ನು 20 ಸಲ ಗುಣಿಸಿದರೆ 10,48,576ರಲ್ಲಿ ಒಂದು. ಇಪ್ಪತ್ತೊಂದನೆಯ ಸಲ, 2025ರ ಡಿಸೆಂಬರಿನಲ್ಲಿ, ವಿಶಾಖಪಟ್ಟಣದಲ್ಲಿ ಕನ್ನಡಿಗ ಕೆ. ಎಲ್. ರಾಹುಲ್ ನಾಯಕನಾಗಿ ಟಾಸ್ ಗೆದ್ದನು. "ಇಷ್ಟು ಸಲ ಸೋತ ಮೇಲೆ ಗೆಲ್ಲಲೇಬೇಕಲ್ಲವೇ?" ಎಂದು ಅನೇಕರು ಹೇಳಿದ್ದುಂಟು. ಗೆಲ್ಲಲೇಬೇಕೆಂಬ ನಿಯಮವೇನೂ ಇರಲಿಲ್ಲ. ಅಂದು ಮೇಲಕ್ಕೆ ಚಿಮ್ಮಿದ ನಾಣ್ಯಕ್ಕೆ ಹಿಂದಿನ 20 ಪಂದ್ಯಗಳ ವಾರ್ತೆ ಗೊತ್ತಿರಲಿಲ್ಲ. ಅದರ ಪಾಲಿಗೆ ಸಂಭವನೀಯತೆಯು ಎಂದಿನಂತೆ ಅರ್ಧವೇ ಆಗಿತ್ತು. ಹತ್ತು ಲಕ್ಷಕ್ಕೆ ಒಂದು ಎಂಬ ಲೆಕ್ಕವು ಆಟ ಆರಂಭವಾಗುವ ಮೊದಲು, 20 ಎಸೆತಗಳನ್ನೂ ಮುಂದಿಟ್ಟುಕೊಂಡು ಹಾಕಿದ ಲೆಕ್ಕ. ಹತ್ತೊಂಬತ್ತು ಮುಗಿದ ಮೇಲೆ ಇಪ್ಪತ್ತನೆಯದರ ಲೆಕ್ಕವಲ್ಲ. 1913ರ ಆಗಸ್ಟಿನಲ್ಲಿ ಮಾಂಟೆ ಕಾರ್ಲೋದ ಜೂಜುಗೃಹದ ಚಕ್ರದಲ್ಲಿ ಕಪ್ಪು ಬಣ್ಣವು 26 ಸಲ ಸಾಲಾಗಿ ಬಂದಿತು. "ಇನ್ನು ಕೆಂಪು ಬರದೇ ಇರಲಾರದು" ಎಂದು ಪ್ರತಿ ಸಲವೂ ಕೆಂಪಿನ ಮೇಲೆ ಹಣವನ್ನು ಸುರಿದವರು ಬರಿಗೈಯಲ್ಲಿ ಹಿಂದಿರುಗಿದರು.

ಇದು ಕಳೆದುಕೊಂಡವನ ಚೀಲಕ್ಕೆ ಮಾತ್ರ ಸಂಬಂಧಿಸಿದ ತಪ್ಪು. ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪಿದೆ. ಸಂಬಂಧವು ಕಣ್ಣೆದುರಿಗೇ ಇದ್ದರೂ ಇಲ್ಲವೆಂದು ಭಾವಿಸಿ ಗುಣಿಸಿಬಿಡುವುದು. ನಮ್ಮ ಭಯವೆಲ್ಲ ಇದರ ಬಗ್ಗೆಯೇ.

ಮಳೆಗಾಲದ ಮುಂಬಯಿಯನ್ನು ನೋಡಿರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುಮಾರು 120 ದಿನಗಳು. ಲೆಕ್ಕದ ಸಲುವಾಗಿ ಅವುಗಳಲ್ಲಿ ಆರು ದಿನ ಲೋಕಲ್ ಗಾಡಿಗಳು ನಿಲ್ಲುತ್ತವೆ, ಆರು ದಿನ ಬಸ್ಸುಗಳು ನಿಲ್ಲುತ್ತವೆ ಎಂದಿಟ್ಟುಕೊಳ್ಳೋಣ. ಒಂದೊಂದರ ಸಂಭವನೀಯತೆ 1/20. ಎರಡೂ ಒಂದೇ ದಿನ ನಿಲ್ಲುವುದು ಎಷ್ಟು ಸಲ? ಸೂತ್ರವನ್ನು ಬಾಯಿಪಾಠ ಮಾಡಿದ ಹುಡುಗನು ತಟ್ಟನೆ 1/400 ಎನ್ನುವನು. ಅಂದರೆ ಮೂರು ಮಳೆಗಾಲಗಳು ಕಳೆದರೂ ಅಂಥ ದಿನವೊಂದು ಬಾರದಿರಬಹುದು! ಈ ಊರಿನಲ್ಲಿ ಒಂದು ಮಳೆಗಾಲವನ್ನು ಕಳೆದ ಯಾರೂ ಈ ಉತ್ತರವನ್ನು ನಂಬಲಾರರು. ಹಳಿಯ ಮೇಲೆ ನಿಂತ ನೀರೂ ರಸ್ತೆಯ ಮೇಲೆ ನಿಂತ ನೀರೂ ಬಿದ್ದದ್ದು ಒಂದೇ ಮೋಡದಿಂದ. ಗಾಡಿ ನಿಂತ ಆರು ದಿನಗಳಲ್ಲಿ ಐದು ದಿನ ಬಸ್ಸೂ ನಿಂತಿದ್ದರೆ, ಸರಿಯಾದ ಲೆಕ್ಕವು 1/20ನ್ನು 5/6ರಿಂದ ಗುಣಿಸುವುದು: 1/24. ಹುಡುಗನ ಉತ್ತರಕ್ಕಿಂತ ಹದಿನಾರು ಪಟ್ಟಿಗೂ ಹೆಚ್ಚು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳೊಳಗೆ 944 ಮಿಲಿಮೀಟರ್ ಮಳೆ ಸುರಿಯಿತು. ಗಾಡಿಗಳು ನಿಂತವು, ರಸ್ತೆಗಳು ಮುಳುಗಿದವು, ವಿಮಾನ ನಿಲ್ದಾಣವು ಮುಚ್ಚಿತು, ಉಪನಗರಗಳಲ್ಲಿ ವಿದ್ಯುತ್ತೂ ದೂರವಾಣಿಯೂ ಕೈಕೊಟ್ಟವು. ಇವುಗಳ ಬಿಡಿ ಸಂಭವನೀಯತೆಗಳನ್ನು ಒಂದರ ಮೇಲೊಂದು ಗುಣಿಸುತ್ತ ಹೋದರೆ ಅಂಥ ದಿನವು ಯುಗಕ್ಕೊಮ್ಮೆಯೂ ಬರಬಾರದಾಗಿತ್ತು. ಆದರೂ ಬಂದಿತು, ನಿಮ್ಮ ತಂದೆತಾಯಿಗಳಲ್ಲಿ ಅನೇಕರು ಅಂದಿನ ರಾತ್ರಿಯನ್ನು ಕಚೇರಿಯಲ್ಲೋ ನಡುದಾರಿಯಲ್ಲೋ ಕಳೆದಿರಬಹುದು, ಕೇಳಿ ನೋಡಿರಿ.

ಇಲ್ಲಿಯೂ ನಾವು ಗುಣಿಸಿದೆವೆಂಬುದನ್ನು ಗಮನಿಸಬೇಕು. ಗುಣಾಕಾರವನ್ನು ಯಾರೂ ನಿಷೇಧಿಸಿಲ್ಲ. ಎರಡನೆಯ ಭಿನ್ನರಾಶಿಯನ್ನು ಮಾತ್ರ "ಆ ಮೊದಲಿನ ಭಾಗದೊಳಗೆ" ಎಣಿಸಿ ಪಡೆಯಬೇಕು. 52 ಎಲೆಗಳ ಇಸ್ಪೀಟಿನ ಕಟ್ಟಿನಿಂದ ಎರಡು ಎಲೆಗಳನ್ನು ಎಳೆದರೆ ಎರಡೂ ಎಕ್ಕಗಳಾಗುವುದೆಷ್ಟು? ಮೊದಲ ಎಲೆಯನ್ನು ಹಿಂದಕ್ಕೆ ಸೇರಿಸಿ ಕಲಸಿ ಎಳೆದರೆ 4/52ನ್ನು 4/52ರಿಂದ ಗುಣಿಸಬೇಕು, 1/169. ಸೇರಿಸದೆ ಎಳೆದರೆ ಉಳಿದದ್ದು 51 ಎಲೆ, ಮೂರೇ ಎಕ್ಕ. 4/52ನ್ನು 3/51ರಿಂದ ಗುಣಿಸಬೇಕು, 1/221. ಇಷ್ಟೇ ವ್ಯತ್ಯಾಸ.

ಈಗ ಈ ತಪ್ಪು ನ್ಯಾಯಾಲಯವನ್ನು ಹೊಕ್ಕ ಬಗೆಯನ್ನು ಹೇಳುತ್ತೇವೆ. 1964ರ ಜೂನಿನಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ವೃದ್ಧೆಯೊಬ್ಬಳನ್ನು ನೆಲಕ್ಕೆ ಕೆಡವಿ ಅವಳ ಹಣದ ಚೀಲವನ್ನು ಕಸಿಯಲಾಯಿತು. ಓಡಿಹೋದವಳು ಹೊಂಬಣ್ಣದ ಕೂದಲನ್ನು ಹಿಂದಕ್ಕೆ ಕುದುರೆಬಾಲದಂತೆ ಕಟ್ಟಿದ ಯುವತಿಯೆಂದೂ, ಆಕೆ ಹಳದಿ ಬಣ್ಣದ ಕಾರನ್ನು ಏರಿದಳೆಂದೂ, ಕಾರನ್ನು ನಡೆಸುತ್ತಿದ್ದವನು ಗಡ್ಡಮೀಸೆಗಳುಳ್ಳ ಕಪ್ಪು ವರ್ಣದವನೆಂದೂ ಸಾಕ್ಷಿಗಳು ಹೇಳಿದರು. ಕಾಲಿನ್ಸ್ ಎಂಬ ದಂಪತಿಗಳು ಈ ವರ್ಣನೆಗೆ ಹೊಂದುತ್ತಿದ್ದುದರಿಂದ ಪೊಲೀಸರು ಅವರನ್ನು ಹಿಡಿದರು. ಆದರೆ ಮುಖವನ್ನು ಖಚಿತವಾಗಿ ಗುರುತಿಸುವ ಸಾಕ್ಷ್ಯವು ದುರ್ಬಲವಾಗಿತ್ತು. ಆಗ ಸರಕಾರಿ ವಕೀಲನಿಗೆ ಗಣಿತವು ನೆನಪಾಯಿತು. ಕಾಲೇಜಿನ ಗಣಿತ ಅಧ್ಯಾಪಕರೊಬ್ಬರನ್ನು ಕರೆಯಿಸಿ ಗುಣಾಕಾರದ ಸೂತ್ರವನ್ನು ಅವರ ಬಾಯಿಂದ ಹೇಳಿಸಿದನು. ಅನಂತರ ಸಂಖ್ಯೆಗಳನ್ನು ತಾನೇ ಒದಗಿಸಿದನು: ಹಳದಿ ಕಾರು ಹತ್ತರಲ್ಲಿ ಒಂದು, ಮೀಸೆಯ ಗಂಡಸು ನಾಲ್ವರಲ್ಲಿ ಒಬ್ಬ, ಕುದುರೆಬಾಲದ ಹೆಣ್ಣು ಹತ್ತರಲ್ಲಿ ಒಬ್ಬಳು, ಹೊಂಗೂದಲಿನವಳು ಮೂವರಲ್ಲಿ ಒಬ್ಬಳು, ಗಡ್ಡವಿರುವ ಕಪ್ಪು ವರ್ಣದವನು ಹತ್ತರಲ್ಲಿ ಒಬ್ಬ, ಒಂದೇ ಕಾರಿನಲ್ಲಿ ಎರಡು ವರ್ಣಗಳ ದಂಪತಿಗಳು ಸಾವಿರದಲ್ಲಿ ಒಂದು ಜೋಡಿ. ಆರನ್ನೂ ಗುಣಿಸಿರಿ: ಒಂದು ಕೋಟಿ ಇಪ್ಪತ್ತು ಲಕ್ಷದಲ್ಲಿ ಒಂದು. ಇಷ್ಟು ದೊಡ್ಡ ಸಂಖ್ಯೆಯನ್ನು ಕೇಳಿದ ಜ್ಯೂರಿಯವರು ಅಪರಾಧವನ್ನು ಎತ್ತಿಹಿಡಿದರು.

ಆ ಗುಣಾಕಾರದಲ್ಲಿ ತಪ್ಪಿಲ್ಲ. ನಿಮ್ಮಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದು. ತಪ್ಪಿರುವುದು ಗುಣಾಕಾರದ ಚಿಹ್ನೆಯಲ್ಲಿ. ಗಡ್ಡ ಬಿಟ್ಟವರಲ್ಲಿ ಮೀಸೆಯಿಲ್ಲದವರು ಎಷ್ಟು ಮಂದಿ? ಗಡ್ಡವುಂಟೆಂದು ತಿಳಿದ ಕೂಡಲೇ ಮೀಸೆಯೂ ಉಂಟೆಂಬುದು ಬಹುಮಟ್ಟಿಗೆ ತಿಳಿದಂತೆಯೇ. ಹತ್ತನೆಯ ಒಂದು ಭಾಗವನ್ನು ಮತ್ತೆ ನಾಲ್ಕರಿಂದ ಭಾಗಿಸಿ ನಲವತ್ತರಲ್ಲಿ ಒಬ್ಬನೆನ್ನುವುದು ಒಂದೇ ಗುರುತನ್ನು ಎರಡು ಸಲ ಎಣಿಸಿದಂತೆ. ಇನ್ನು ಕಪ್ಪು ವರ್ಣದ ಗಂಡಸನ್ನೂ ಹೊಂಗೂದಲಿನ ಹೆಣ್ಣನ್ನೂ ಬೇರೆಬೇರೆಯಾಗಿ ಎಣಿಸಿದ ಮೇಲೆ, ಎರಡು ವರ್ಣಗಳ ದಂಪತಿಗಳೆಂದು ಮೂರನೆಯ ಸಲ ಸಾವಿರದಿಂದ ಭಾಗಿಸುವುದಕ್ಕೆ ಏನೆನ್ನಬೇಕು? ಹತ್ತರಲ್ಲಿ ಒಂದು, ಮೂರರಲ್ಲಿ ಒಂದು ಎಂಬ ಸಂಖ್ಯೆಗಳನ್ನಾದರೂ ಯಾರೂ ಬೀದಿಯಲ್ಲಿ ನಿಂತು ಎಣಿಸಿ ತಂದಿರಲಿಲ್ಲ. 1968ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು ಈ ಎರಡೂ ದೋಷಗಳನ್ನು ಎತ್ತಿ ತೋರಿಸಿ ಗಂಡನ ಮೇಲಿನ ತೀರ್ಪನ್ನು ರದ್ದು ಮಾಡಿತು. ನ್ಯಾಯಮೂರ್ತಿಗಳು ಅಷ್ಟಕ್ಕೇ ನಿಲ್ಲಲಿಲ್ಲ. ಆ ಸಂಖ್ಯೆಯನ್ನೇ ಸರಿಯೆಂದು ಒಪ್ಪಿಕೊಂಡು, ದೊಡ್ಡ ಜನಸಮೂಹದಲ್ಲಿ ಅಂಥದೇ ಇನ್ನೊಂದು ಜೋಡಿಯಿರುವ ಸಂಭವವೆಷ್ಟೆಂದು ಲೆಕ್ಕ ಹಾಕಿದರೆ ಅದು ನೂರಕ್ಕೆ ನಲವತ್ತಕ್ಕೂ ಹೆಚ್ಚಾಗಬಹುದೆಂದು ತೀರ್ಪಿನ ಅನುಬಂಧದಲ್ಲಿ ಗಣಿತದಿಂದಲೇ ತೋರಿಸಿದರು. ನ್ಯಾಯಮೂರ್ತಿಗಳು ಸರಕಾರಿ ವಕೀಲನಿಗಿಂತ ಒಳ್ಳೆಯ ಗಣಿತ ವಿದ್ಯಾರ್ಥಿಗಳಾಗಿದ್ದರೆಂಬುದು ನಮಗೆ ಸಂತೋಷದ ಸಂಗತಿ.

ಎಲ್ಲ ಕಡೆಗೂ ಹೀಗೆ ಆಗಲಿಲ್ಲ. ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ಮಹಿಳೆಯಿದ್ದಳು, ವೃತ್ತಿಯಿಂದ ವಕೀಲೆ. ಅವಳ ಮೊದಲನೆಯ ಮಗುವು 1996ರ ಡಿಸೆಂಬರಿನಲ್ಲಿಯೂ ಎರಡನೆಯದು 1998ರ ಜನವರಿಯಲ್ಲಿಯೂ, ಹುಟ್ಟಿದ ಕೆಲವೇ ವಾರಗಳಲ್ಲಿ ಹಠಾತ್ತನೆ ತೀರಿಕೊಂಡವು. ತಾಯಿಯೇ ಕೊಂದಳೆಂಬ ಆರೋಪ ಬಂದಿತು. ಹೆಸರಾಂತ ಶಿಶುವೈದ್ಯ ಪ್ರೊಫೆಸರ್ ರಾಯ್ ಮೆಡೋ ಅವರು ಸಾಕ್ಷಿ ನುಡಿಯುತ್ತ, ಅಂಥ ಅನುಕೂಲಸ್ಥರ ಮನೆಯಲ್ಲಿ ಮಗುವೊಂದು ಕಾರಣ ತಿಳಿಯದೆ ತೊಟ್ಟಿಲಲ್ಲೇ ಸಾಯುವ ಸಂಭವನೀಯತೆಯು 8,543ರಲ್ಲಿ ಒಂದು, ಆದುದರಿಂದ ಎರಡು ಮಕ್ಕಳು ಹಾಗೆ ಸಾಯುವುದು ಸುಮಾರು 7 ಕೋಟಿ 30 ಲಕ್ಷದಲ್ಲಿ ಒಂದು ಎಂದರು. 8,543ನ್ನು 8,543ರಿಂದ ಗುಣಿಸಿದ ಫಲ ಅದು. 1999ರ ನವೆಂಬರಿನಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಒಂದೇ ತಾಯಿತಂದೆಯರ ರಕ್ತ, ಒಂದೇ ಮನೆ, ಒಂದೇ ಗಾಳಿ. ಮೊದಲ ಮಗುವನ್ನು ಕೊಂದ ಕಾರಣವು, ಅದು ನಮಗೆ ತಿಳಿಯದ ಯಾವುದೋ ದೇಹದೋಷವಾಗಿದ್ದರೆ, ಎರಡನೆಯ ಮಗುವಿನಲ್ಲಿಯೂ ಇರಬಾರದೇ? ಸೋದರರು ಎರಡು ನಾಣ್ಯಗಳಲ್ಲ. 2001ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯು ಬಹಿರಂಗ ಹೇಳಿಕೆಯನ್ನು ಹೊರಡಿಸಿ, ಆ ಸಂಖ್ಯೆಗೆ ಸಂಖ್ಯಾಶಾಸ್ತ್ರದ ಆಧಾರವಿಲ್ಲವೆಂದು ಸಾರಿತು. ಅದೇ ಹೇಳಿಕೆಯಲ್ಲಿ ಇನ್ನೊಂದು ಮಾತೂ ಇತ್ತು: ಹಠಾತ್ ಮರಣಗಳು ಎರಡು ಸಲ ಸಂಭವಿಸುವುದು ಅಪೂರ್ವವೆಂಬುದಷ್ಟರಿಂದ ತಾಯಿಯು ನಿರ್ದೋಷಿಯಾಗಿರುವ ಸಂಭವವೂ ಅಷ್ಟೇ ಅಲ್ಪವೆನ್ನುವಂತಿಲ್ಲ, ತಾಯಿಯೊಬ್ಬಳು ಎರಡು ಮಕ್ಕಳನ್ನು ಕೊಲ್ಲುವುದೂ ಅಪೂರ್ವವೇ ಅಲ್ಲವೇ? 2003ರ ಜನವರಿಯಲ್ಲಿ ಎರಡನೆಯ ಮೇಲ್ಮನವಿಯಲ್ಲಿ ಆಕೆಯ ಬಿಡುಗಡೆಯಾಯಿತು. ಎರಡನೆಯ ಮಗುವಿನ ದೇಹದಲ್ಲಿ ಸೋಂಕಿನ ಕುರುಹುಗಳಿದ್ದ ವೈದ್ಯಕೀಯ ವರದಿಯನ್ನು ಆಕೆಯ ಪಕ್ಷದವರಿಗೆ ತಿಳಿಸಿಯೇ ಇರಲಿಲ್ಲವೆಂಬುದು ಬಿಡುಗಡೆಗೆ ಮುಖ್ಯ ಕಾರಣವಾಯಿತು. ಆ ಸಂಖ್ಯೆಯನ್ನು ಜ್ಯೂರಿಯ ಮುಂದೆ ಇಡಬಾರದಾಗಿತ್ತೆಂಬುದನ್ನೂ ನ್ಯಾಯಾಲಯವು ಹೇಳಿತು. ಮೂರು ವರ್ಷಗಳಿಗೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದ ಆಕೆ ಆ ದುಃಖದಿಂದ ಚೇತರಿಸಿಕೊಳ್ಳದೆ 2007ರ ಮಾರ್ಚಿನಲ್ಲಿ ತೀರಿಕೊಂಡಳು.

"ಇವೆಲ್ಲ ಪರದೇಶಗಳ ದೊಡ್ಡ ಮಾತುಗಳು, ಶಾಲೆಯ ಮಕ್ಕಳಿಗೆ ಇದರಿಂದ ಏನಾಗಬೇಕು? ಮೊದಲು ಸೂತ್ರವನ್ನು ಕಲಿಯಲಿ, ಸಂದೇಹಗಳನ್ನು ಮುಂದೆ ಕಾಲೇಜಿನಲ್ಲಿ ನೋಡಿಕೊಳ್ಳಲಿ" ಎಂದು ಹೇಳುವ ಹಿರಿಯರಿದ್ದಾರೆ. ಅವರ ಅನುಭವಕ್ಕೆ ನಮ್ಮ ಗೌರವವಿದೆ. ಅವರ ಮಾತಿಗೆ ನಮ್ಮ ಸಮ್ಮತಿಯಿಲ್ಲ. ಗಣಿತದ ಸೂತ್ರವನ್ನು ನ್ಯಾಯಾಲಯಕ್ಕೆ ಒಯ್ದ ಆ ವಕೀಲನೂ ಆ ವೈದ್ಯರೂ ಸೂತ್ರವನ್ನು ಕಲಿತವರೇ ಆಗಿದ್ದರು. ಸೂತ್ರದ ಮುಂದಿರುವ ಷರತ್ತು ಅವರ ಮನಸ್ಸಿನಲ್ಲಿ ಬೇರೂರಿರಲಿಲ್ಲ. ಷರತ್ತನ್ನು ಮುಂದಕ್ಕೆ ಹಾಕಿ ಸೂತ್ರವನ್ನು ಮಾತ್ರ ಕೈಗೆ ಕೊಡುವುದು, ಬ್ರೇಕು ಮುಂದಿನ ವರ್ಷ ಎಂದು ಹೇಳಿ ಈಗಲೇ ಸೈಕಲ್ ಕೊಟ್ಟಂತಾಗುತ್ತದೆ.

ಇದಲ್ಲದೆ ಶಾಲೆಯೊಳಗೇ ಈ ಪ್ರಶ್ನೆ ಏಳುವುದಿಲ್ಲವೆಂದು ಯಾರು ಹೇಳಿದರು? ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಯಲ್ಲಿ ಪಕ್ಕಪಕ್ಕದ ಇಬ್ಬರು ವಿದ್ಯಾರ್ಥಿನಿಯರು ಐದು ಪ್ರಶ್ನೆಗಳಿಗೆ ತಪ್ಪು ಉತ್ತರವನ್ನು, ಅದರಲ್ಲಿಯೂ ಒಂದೇ ತಪ್ಪು ಉತ್ತರವನ್ನು ಬರೆದಿದ್ದಾರೆನ್ನೋಣ. ತಪ್ಪು ಉತ್ತರಗಳು ಪ್ರತಿ ಪ್ರಶ್ನೆಗೆ ಮೂರು. ಇಬ್ಬರದೂ ಒಂದೇ ಆಗುವ ಸಂಭವನೀಯತೆ 1/3. ಐದು ಸಲ ಗುಣಿಸಿದರೆ 1/243. "243ರಲ್ಲಿ ಒಂದು! ನೋಡಿ ಬರೆಯದೆ ಹೀಗಾಗಲು ಸಾಧ್ಯವಿಲ್ಲ" ಎಂಬ ತೀರ್ಮಾನಕ್ಕೆ ಬರುವುದು ಎಷ್ಟು ಸುಲಭ! ಆದರೆ ಆ ಮೂರು ತಪ್ಪು ಉತ್ತರಗಳು ದಾಳದ ಮುಖಗಳಂತೆ ಸಮಾನವೇ? ಎ ಮತ್ತು ಬಿಗಳ ಮೊತ್ತದ ವರ್ಗವನ್ನು ಕೇಳಿದರೆ, ತಪ್ಪು ಮಾಡುವವರಲ್ಲಿ ಹೆಚ್ಚಿನವರು ಎ ವರ್ಗ ಮತ್ತು ಬಿ ವರ್ಗಗಳನ್ನು ಕೂಡಿಸಿ ಸುಮ್ಮನಾಗುತ್ತಾರೆ. ಪ್ರಶ್ನೆ ತೆಗೆಯುವವರು ಆ ಬಲೆಯನ್ನು ತಿಳಿದೇ ಒಡ್ಡಿರುತ್ತಾರೆ. ಇಬ್ಬರೂ ಒಂದೇ ಮಾರ್ಗದರ್ಶಿ ಪುಸ್ತಕವನ್ನು ಓದಿದವರು, ಸಂಜೆ ಒಂದೇ ಟ್ಯೂಷನ್ನಿಗೆ ಹೋಗುವವರು, ಒಂದೇ ತಪ್ಪನ್ನು ಒಂದೇ ಕಡೆ ಕಲಿತವರು ಆಗಿದ್ದರೆ? ಅವರು ನಕಲು ಮಾಡಿರಲೂಬಹುದು. ಅದನ್ನು ನಿರ್ಣಯಿಸಲು ಬೇರೆ ಸಾಕ್ಷ್ಯ ಬೇಕು. 1/243 ಎಂಬ ಸಂಖ್ಯೆಯು ಅದನ್ನು ನಿರ್ಣಯಿಸಲಾರದು. ಒಂದು ಹುಡುಗಿಯ ಪರೀಕ್ಷೆಯ ಮೇಲೆ, ಅವಳ ಮನೆಯವರು ಅವಳ ಮೇಲಿಟ್ಟ ನಂಬಿಕೆಯ ಮೇಲೆ ಪರಿಣಾಮವಾಗುವ ಮಾತಿದು.

ಹತ್ತನೆಯ ತರಗತಿಯಲ್ಲಿ ನೀವು ಸಂಭವನೀಯತೆಯ ಪಾಠವನ್ನು ಓದುತ್ತೀರಿ. ಗುಣಾಕಾರದ ಸೂತ್ರವು ಕಾಲೇಜಿನ ಮೆಟ್ಟಿಲನ್ನೇರಿದ ಮೇಲೆ ಬರುತ್ತದೆ. ಅಲ್ಲಿಯ ಲೆಕ್ಕಗಳಲ್ಲಿ "ಈ ಘಟನೆಗಳು ಸ್ವತಂತ್ರವಾಗಿವೆ" ಎಂಬ ಭರವಸೆಯು ಪ್ರಶ್ನೆಯೊಳಗೇ ಅಚ್ಚಾಗಿರುತ್ತದೆ. ಪ್ರಪಂಚವು ಲೆಕ್ಕಗಳನ್ನು ಕೊಡುವಾಗ ಇಂಥ ಭರವಸೆಯನ್ನು ಕೊಡುವುದಿಲ್ಲ. ಆದುದರಿಂದ ಪ್ರಶ್ನೆಪತ್ರಿಕೆಯ ಹತ್ತು ಲೆಕ್ಕಗಳಲ್ಲಿ ಮೂರರಲ್ಲಾದರೂ ಆ ವಾಕ್ಯವನ್ನು ಬಿಟ್ಟುಬಿಡಬೇಕು, "ಇಲ್ಲಿ ಗುಣಿಸಬಹುದೇ? ಏಕೆ?" ಎಂದು ಮಾತ್ರ ಕೇಳಬೇಕು, "ಗುಣಿಸಲಾಗದು, ಕಾರಣ ಇಂತಿದೆ" ಎಂದು ಬರೆದವನಿಗೆ ಪೂರ್ಣ ಅಂಕಗಳನ್ನು ಕೊಡಬೇಕು ಎಂಬುದು ನಮ್ಮ ಸಲಹೆ. ಅಂಥ ಉತ್ತರಪತ್ರಿಕೆಗಳನ್ನು ತಿದ್ದುವುದು ಅಧ್ಯಾಪಕರಿಗೆ ಹೆಚ್ಚಿನ ಶ್ರಮವೆಂಬುದನ್ನು ಬಲ್ಲೆವು. ಆ ಶ್ರಮವು ಸಾರ್ಥಕವಾದುದು.

ಅಲ್ಲಿಯವರೆಗೆ ಕಾಯಲಾರದವರಿಗೆ ಒಂದು ಕೆಲಸವನ್ನು ಸೂಚಿಸುತ್ತೇವೆ. ತರಗತಿಯ ಅಧ್ಯಾಪಕರ ಅನುಮತಿಯನ್ನು ಪಡೆದು, ಒಪ್ಪಿದ ಇಬ್ಬರು ಗೆಳೆಯರು ಒಂದು ವರ್ಷದಲ್ಲಿ ತಡವಾಗಿ ಬಂದ ದಿನಗಳನ್ನು ಹಾಜರಿ ಪುಸ್ತಕದಿಂದ ಬರೆದುಕೊಳ್ಳಿರಿ. ಶಾಲೆ ನಡೆದದ್ದು 200 ದಿನ, ಇಬ್ಬರೂ ತಲಾ 40 ದಿನ ತಡವಾಗಿ ಬಂದರು ಎನ್ನೋಣ. ಇಬ್ಬರದೂ 1/5, ಗುಣಿಸಿದರೆ 1/25, ಅವರು ಸ್ವತಂತ್ರವಾಗಿದ್ದರೆ ಇಬ್ಬರೂ ಒಟ್ಟಿಗೆ ತಡವಾದ ದಿನಗಳು ಸುಮಾರು ಎಂಟು ಇರಬೇಕು. ಈಗ ಪುಸ್ತಕದಲ್ಲಿ ಎಣಿಸಿರಿ. ಏಳೋ ಒಂಬತ್ತೋ ಬಂದರೆ ಸಂಬಂಧವಿಲ್ಲವೆಂದು ಸದ್ಯಕ್ಕೆ ತಿಳಿಯಬಹುದು. ಇಪ್ಪತ್ತೈದು ಬಂದರೆ ಅವರು ಒಂದೇ ಲೋಕಲ್ ಗಾಡಿಯಲ್ಲಿ ಬರುವರೋ ಎಂದು ವಿಚಾರಿಸಿರಿ. ಸೊನ್ನೆ ಬಂದರೂ ಸುಮ್ಮನಾಗಬೇಡಿರಿ. ಅದೂ ಒಂದು ಸಂಬಂಧವೇ. ಅವರಿಬ್ಬರೂ ಅಕ್ಕತಂಗಿಯರಾಗಿದ್ದು, ತಾಯಿಗೆ ಬಿಡುವಿಲ್ಲದ ದಿನಗಳಲ್ಲಿ ಚಿಕ್ಕ ತಮ್ಮನನ್ನು ಬಾಲವಾಡಿಗೆ ಬಿಟ್ಟು ಬರುವ ಸರದಿಯನ್ನು ಹಂಚಿಕೊಂಡಿರಬಹುದು.